ತಿಪ್ಪೇಶನ ಹಿಂಡಿ ಪರೀಕ್ಷೆ

ಮೆಟ್ರಿಯ ತಿಪ್ಪೇಶನನ್ನು ದಡ್ಡ ಅಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಅವನು ದಡ್ಡನಲ್ಲ. ಅವನಿಗೆ ಗೊತ್ತಿದ್ದದ್ದು ನಿಜವಾಗಿಯೂ ಗೊತ್ತಿತ್ತು. ತೊಂದರೆ ಏನೆಂದರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಚಟ ಮಾತ್ರ ಅವನಿಗೆ ಹುಟ್ಟಿದಾಗಿನಿಂದ ಹತ್ತಿರಲಿಲ್ಲ.

ಹೋದ ವರ್ಷ ಹೊಸಪೇಟೆಯಲ್ಲಿ ಹೈನುಗಾರರಿಗೆ ಒಂದು ದಿನದ ತರಬೇತಿ ನಡೆಯಿತು. ಬೆಳಿಗ್ಗೆ ಹಸಿರು ಹುಲ್ಲಿನಿಂದ ರಸಮೇವು ಮಾಡುವುದನ್ನು ಹೇಳಿಕೊಟ್ಟರು. ನೇಪಿಯರ್ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಬೆಲ್ಲದ ನೀರು ಚಿಮುಕಿಸಿ, ಡ್ರಮ್ಮಿನಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿಟ್ಟರೆ ಅದು ಹುಳಿ ಹಿಡಿದು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ತಿಪ್ಪೇಶ ಇದನ್ನೆಲ್ಲ ಕಣ್ಣರಳಿಸಿ ಕೇಳಿದ. ಮಧ್ಯಾಹ್ನ ಊಟಕ್ಕೆ ಗೋಧಿ ಹುಗ್ಗಿ ಹಾಕಿದರು. ಊಟದ ಮೇಲೆ, ಆ ರಸಮೇವಿನ ಜೊತೆಗೆ ಆಕಳಿಗೆ ಇನ್ನೇನು ಕೊಡಬೇಕು ಅನ್ನುವ ಪಾಠವಿತ್ತು. ತಿಪ್ಪೇಶ ಅದನ್ನು ಕಣ್ಣು ಮುಚ್ಚಿ ಕೇಳಿದ. ಕಣ್ಣು ಬಿಟ್ಟಾಗ ಶಾಮಿಯಾನದವರು ಅವನು ಕೂತಿದ್ದ ಕುರ್ಚಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗಾಡಿಗೆ ಹೇರಿ ನಿಂತಿದ್ದರು.

ಮರುದಿನವೇ ಅಂಗಳದಲ್ಲಿ ನೀಲಿ ಡ್ರಮ್ಮುಗಳು ಬಂದು ನಿಂತವು. ಒಂದರೊಳಗೆ ಇಳಿದು ತಿಪ್ಪೇಶ ಹುಲ್ಲು ತುಳಿಯುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ತಲೆ ಮಾತ್ರ. ಪಕ್ಕದ ಮನೆಯ ಯಲ್ಲಕ್ಕ, ಶೇಂಗಾ ಚಟ್ನಿಪುಡಿ ಮಾಡಿ ಕಂಪ್ಲಿ, ಹೊಸಪೇಟೆಗೆಲ್ಲ ಕಳಿಸುವ ಗಟ್ಟಿ ಹೆಂಗಸು, ಗೋಡೆಯ ಮೇಲಿಂದ ಇಣುಕಿದಳು.

“ಏ ಸುನಿತಾ, ಗಂಡನ್ನ ಉಪ್ಪಿನಕಾಯಿ ಹಾಕಾಕತ್ತೀಯೇನ? ಉಪ್ಪು ಜಾಸ್ತಿ ಹಾಕವಾ, ಭಾಳ ದಿನ ಬಾಳಿಕಿ ಬರ್ತಾನ!”

ಸುನಿತಾ ತಿಪ್ಪೇಶನ ಹೆಂಡತಿ. ನಗು ಬಂದರೂ ತಡೆದುಕೊಂಡಳು. ಅವಳಿಗೆ ಚಿಂತೆ ಇದ್ದದ್ದು ಗಂಡನದಲ್ಲ, ರತ್ನಿಯದು. ರತ್ನಿ ಅಂದರೆ ಅವರ ಜರ್ಸಿ ಆಕಳು. ಬಂಡ್ರಿಯ ತವರಿನಲ್ಲಿ ಸುನಿತಾ ಕೈತುತ್ತು ಹಾಕಿ ಸಾಕಿದ ಕರು ಅದು. ಅವಳ ಅಪ್ಪ ವಿರೂಪಾಕ್ಷಪ್ಪ ಮಗಳ ಮೇಲಿನ ಮಮತೆಗೆ ಕಳಿಸಿಕೊಟ್ಟಿದ್ದ.

ಡ್ರಮ್ಮು ತೆರೆದ ದಿನ ಓಣಿಯ ತುಂಬ ಹುಳಿ ವಾಸನೆ. ರತ್ನಿ ಮಾತ್ರ ಮೂತಿ ಎತ್ತದೆ ತಿಂದಳು. ಅವಳು ತಿಂದ ರೀತಿ ನೋಡಿ ತಿಪ್ಪೇಶನಿಗೆ ತಲೆ ತಿರುಗಿತು. ಇನ್ನು ಇವಳಿಗೆ ಬೇರೇನೂ ಬೇಡ ಅಂತ ತೀರ್ಮಾನಿಸಿ, ಸುನಿತಾ ಹಾಕುತ್ತಿದ್ದ ತೌಡು, ತೊಗರಿ ಹೊಟ್ಟು ಎರಡನ್ನೂ ಬಂದ್ ಮಾಡಿಸಿದ. ಬರೇ ಹುಲ್ಲು ತಿಂದ ಆಕಳು ಬರೇ ಹುಲ್ಲಿನಷ್ಟೇ ಹಾಲು ಕೊಟ್ಟಿತು.

ಹಾಲಿನ ಡೈರಿಯ ಸೆಕ್ರೆಟರಿ ಬಸವರಾಜ್ ಕ್ಯಾನಿನೊಳಗೆ ಇಣುಕಿ ಹುಬ್ಬೇರಿಸಿದ.

“ಯಾಕೋ ತಿಪ್ಪೇಶಾ, ಹಾಲು ಇಳದೈತಲ್ಲ? ಬರೇ ರಸಮೇವು ಹಾಕಿದ್ರ ಹೆಂಗ? ಅದರಾಗ ಪ್ರೋಟೀನ್ ಕಡಿಮಿ. ಜೋಡಿಗೆ ಹಿಂಡಿ ಹಾಕ್ಬೇಕು. ತರಬೇತ್ಯಾಗ ಹೇಳಲಿಲ್ಲೇನು?”

“ಹೇಳಿದ್ರು, ಹೇಳಿದ್ರು” ಅಂದ ತಿಪ್ಪೇಶ.

“ಯಾವ ಹಿಂಡಿ ಅಂದ್ರು?”

ಸಾಲಿನಲ್ಲಿ ನಿಂತವರೆಲ್ಲ ಕಿವಿ ನಿಮಿರಿಸಿದರು. ಇಲ್ಲಿ ಒಂದೇ ಒಂದು ಮಾತು, ‘ನಿದ್ದಿ ಹತ್ತಿತ್ತಣ್ಣ’ ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ತಿಪ್ಪೇಶ ಗಂಟಲು ಸರಿಮಾಡಿಕೊಂಡ. “ಅದು ಆಕಳಿಂದ ಆಕಳಿಗೆ ಬ್ಯಾರೆ ಇರ್ತೈತ್ರಿ. ಪರೀಕ್ಷಾ ಮಾಡೇ ಆರಿಸ್ಬೇಕು. ಸೈನ್ಸು ಇದು.”

ಸೈನ್ಸು ಅಂದ ಮೇಲೆ ಮಾಡಲೇಬೇಕಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಮಾರುವ ಹೊಸಪೇಟೆಯ ಮುರುಗೇಶನ ಅಂಗಡಿಗೆ ಹೋಗಿ, “ಭಾಳ ಪ್ರೋಟೀನ್ ಇರೋದು ಕೊಡ್ರಿ” ಅಂದ.

“ಶೇಂಗಾ ಹಿಂಡಿ ಒಯ್ರಿ. ಕಣ್ಣು ಮುಚ್ಚಿ ಒಯ್ರಿ” ಅಂದ ಮುರುಗೇಶ್.

“ಏ, ಹತ್ತಿಕಾಳಿನ ಹಿಂಡಿ ಮುಂದ ಅದೇನು ಹಚ್ಚೀರಿ?” ಪಕ್ಕದಲ್ಲಿ ನಿಂತ ರುಮಾಲಿನವನು ಬಾಯಿ ಹಾಕಿದ. “ಹತ್ತಿಕಾಳು ತಿಂದ ಎಮ್ಮಿ ಹಾಲು ಕಾಸಿದ್ರ ಕೆನಿ ಮ್ಯಾಲೆ ಆಣೆ ಇಟ್ರ ಮುಳುಗಂಗಿಲ್ಲ!”

“ಸೂರ್ಯಕಾಂತಿ ಹಿಂಡಿ ಸಸ್ತಾ, ಮಸ್ತ್” ಅಂತ ಇನ್ನೊಬ್ಬ. “ಈಗೆಲ್ಲ ಸೋಯಾರೀ” ಅಂತ ಮತ್ತೊಬ್ಬ. ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದ ಮುದುಕ ತಲೆ ಎತ್ತದೆಯೇ ಹೇಳಿದ: “ನಮ್ಮ ಕಾಲಕ್ಕ ಕುಸುಬಿ ಹಿಂಡಿ ಹಾಕ್ತಿದ್ವಿ.”

ಐದು ಜನ, ಐದು ಹಿಂಡಿ. ಒಬ್ಬನ ಮಾತು ಮುಗಿಯುವ ಹೊತ್ತಿಗೆ ಅವನೇ ಸರಿ ಅನ್ನಿಸುತ್ತಿತ್ತು. ಕಡೆಗೆ ಐದನ್ನೂ ಒಂದೊಂದು ಚೀಲ ಕಟ್ಟಿಸಿ, ಕಂಪ್ಲಿ ಬಸ್ಸಿನ ಮೆಟ್ಟಿಲ ಬಾಯಿಗೆ ಒಟ್ಟಿದ. ಹತ್ತುವವರೂ ಇಳಿಯುವವರೂ ಅವನ ಸೈನ್ಸನ್ನು ತುಳಿದುಕೊಂಡೇ ಓಡಾಡಿದರು.

ಪರೀಕ್ಷೆ ಶುರುವಾಯಿತು. ಸೋಮವಾರ ಶೇಂಗಾ, ಮಂಗಳವಾರ ಹತ್ತಿಕಾಳು, ಬುಧವಾರ ಸೂರ್ಯಕಾಂತಿ, ಗುರುವಾರ ಸೋಯಾ, ಶುಕ್ರವಾರ ಕುಸುಬಿ. ಕಂಪ್ಲಿಯ ಖಾನಾವಳಿಯಲ್ಲೂ ಇಷ್ಟು ಬಗೆ ಸಿಗುತ್ತಿರಲಿಲ್ಲ. ಒಂದರ ರುಚಿ ನಾಲಿಗೆಗೆ ಹತ್ತುವಷ್ಟರಲ್ಲಿ ಇನ್ನೊಂದು ಬಂದು ರತ್ನಿಯ ಹೊಟ್ಟೆ ಗಲಿಬಿಲಿಗೊಂಡಿತು. ಸಗಣಿ ತೆಳ್ಳಗಾಯಿತು, ಹಾಲು ಇನ್ನೂ ಇಳಿಯಿತು. ಸುನಿತಾ ಈ ಸಂಕಟವನ್ನು ಫೋನಿನಲ್ಲಿ ತಾಯಿ ಜಂಬಮ್ಮನ ಮುಂದೆ ತೋಡಿಕೊಂಡಳು. ಜಂಬಮ್ಮನಿಗೆ ಹೇಳಿದ್ದು ವಿರೂಪಾಕ್ಷಪ್ಪನಿಗೆ ಮುಟ್ಟಲು ಎಷ್ಟು ಹೊತ್ತು? ಸಂಜೆಗೇ ಅಳಿಯನ ಫೋನು ಹೊಡೆದುಕೊಂಡಿತು.

“ಅಳಿಯಂದ್ರ, ಅಮಾಸಿ ಮರುದಿನ ಬರ್ತೀನಿ. ಗಾಡಿ ತಗೊಂಡೇ ಬರ್ತೀನಿ. ರತ್ನಿ ಮೈ ನೋಡ್ತೀನಿ, ಹಾಲು ನೋಡ್ತೀನಿ. ಮನಸ್ಸಿಗೆ ಬಂದ್ರ ಸರಿ. ಇಲ್ಲಾಂದ್ರ ನಮ್ಮ ಆಕಳು ನಮ್ಮ ಬಂಡ್ರಿಗೆ.”

“ಮಾವಾರ, ಇದು ಸೈನ್ಸು…”

“ಸೈನ್ಸು ನೀವ ಇಟಗೋರಿ. ಆಕಳು ನಮಗ ಕೊಡ್ರಿ.”

ಸುನಿತಾ ಆ ರಾತ್ರಿ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಕಡೆಗೆ ತಟ್ಟೆ ಎತ್ತುವಾಗ ಕಣ್ಣು ತುಂಬಿಕೊಂಡು ಅಂದಳು: “ರತ್ನಿ ಹೋದ್ಲು ಅಂದ್ರ, ಈ ಮನ್ಯಾಗ ನನ್ನ ಮಾತು ಕಿವಿಗೊಟ್ಟು ಕೇಳೋರು ಯಾರ್ರಿ ಉಳೀತಾರ?”

ಹೆಂಡತಿಯ ಮೇಲೆ ತಿಪ್ಪೇಶನಿಗೆ ಪ್ರೀತಿ ಕಡಿಮೆಯೇನಿರಲಿಲ್ಲ. ತಪ್ಪು ಎಲ್ಲಿ ಆಗಿದೆ ಅಂತ ಇಡೀ ಬೆಳಗು ಹುಡುಕಿದ. ತನ್ನೊಳಗೊಂದು ಬಿಟ್ಟು ಉಳಿದೆಲ್ಲ ಕಡೆ ಹುಡುಕಿದ. ಕೊಟ್ಟಿಗೆಯ ಗೋಡೆಗೆ ಆತುಕೊಂಡಿದ್ದ ಮುಸುರೆಯ ಬಾನಿ ಕಣ್ಣಿಗೆ ಬಿತ್ತು.

ಈ ಬಾನಿಯ ವಿಷಯ ಸ್ವಲ್ಪ ಹೇಳಬೇಕು. ಆ ಓಣಿಯಲ್ಲಿ ಹಾಲು ಕರೆಯುವ ಆಕಳು ಇದ್ದದ್ದು ತಿಪ್ಪೇಶನ ಮನೆಯಲ್ಲಿ ಮಾತ್ರ. ಹಾಗಾಗಿ ಪ್ರತಿ ಮನೆಯವರೂ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ರೊಟ್ಟಿ ಚೂರು ಎಲ್ಲ ಸೇರಿದ ಮುಸುರೆಯನ್ನು ತಂದು ಆ ಬಾನಿಗೆ ಸುರಿಯುತ್ತಿದ್ದರು. ಸುನಿತಾ ಮೊಸರು ಕಡೆದ ದಿನ ಮನೆಮನೆಗೂ ಒಂದೊಂದು ಚರಿಗೆ ಮಜ್ಜಿಗೆ ಹೋಗುತ್ತಿತ್ತು. ಬಾನಿಯ ಬಳಿ ನಿಂತು ನಾಲ್ಕು ಮಾತಾಡಿದರೇನೇ ಆ ಹೆಂಗಸರಿಗೆ ದಿನ ಕಳೆದಂತೆ. ಮೇಲಾಗಿ, ಯಾವ ಮನೆಯ ಅಡಿಗೆ ಎಂಥದ್ದು ಅಂತ ಅವರ ಮುಸುರೆಯ ಗಟ್ಟಿತನದಿಂದಲೇ ಓಣಿಗೆ ತಿಳಿಯುತ್ತಿತ್ತು.

ತಿಪ್ಪೇಶ ಆ ಬಾನಿಯನ್ನು ಬೋರಲು ಹಾಕಿದ. ಡೈರಿಗೆ ಹೋಗಿ ನಾಲ್ಕು ಜನರೆದುರು ಸಾರಿದ: “ಓಣಿ ಮುಸುರ್ಯಾಗ ಪ್ರೋಟೀನೇ ಇಲ್ರಿ! ಬರೇ ನೀರು. ಅದು ಕುಡುದೇ ನಮ್ಮ ಆಕಳ ಹಾಲು ಇಳದೈತಿ.”

ಮಾತು ಡೈರಿಯಿಂದ ಓಣಿಗೆ ಬರುವಷ್ಟರಲ್ಲಿ ಮೈ ಕೈ ತುಂಬಿಕೊಂಡಿತ್ತು. ಮುಸುರೆಯಲ್ಲಿ ಬೇಳೆ ಇಲ್ಲ ಅಂದರೆ ಸಾರಿನಲ್ಲಿ ಬೇಳೆ ಇಲ್ಲ, ಸಾರಿನಲ್ಲಿ ಬೇಳೆ ಇಲ್ಲ ಅಂದರೆ ಮನೆಯಲ್ಲೇ ಇಲ್ಲ! ಎದುರುಮನೆಯ ಶಾಂಭವಿ, ಹೈಸ್ಕೂಲು ಮೇಷ್ಟ್ರ ಹೆಂಡತಿ, ಯಲ್ಲಕ್ಕನ ಕಟ್ಟೆಗೆ ಬಂದು ಕುಸಿದು ಕೂತಳು.

“ಯಲ್ಲಕ್ಕಾ, ನಮ್ಮ ಮನಿ ಸಾರು ನೀರಂತ! ನಮ್ಮ ಯಜಮಾನ್ರು ಅದನ್ನ ಉಂಡು ಸಾಲ್ಯಾಗ ಹೆಂಗ ನಿಂತು ಪಾಠ ಮಾಡ್ತಾರೋ ಅಂತ ಡೈರ್ಯಾಗ ಮಂದಿ ಮರುಗಿದ್ರಂತ!”

“ನೀ ಸಾರಿಗೆ ಅಳ್ತಿ. ನಾನು ಶೇಂಗಾ ಮ್ಯಾಲೇ ಬದುಕಿದಾಕಿ, ನನ್ನ ಮುಸುರ್ಯಾಗ ಪ್ರೋಟೀನ್ ಇಲ್ಲಂತ!” ಯಲ್ಲಕ್ಕ ಸೆರಗು ಬಿಗಿದಳು. “ತೋರಸ್ತೀನಿ ತಡಿ ಆ ಬಾಡ್ಯಾಗ.”

ಮರುದಿನ ತಿಪ್ಪೇಶ ಗದ್ದೆಗೆ ಹೋದದ್ದೇ ತಡ, ಯಲ್ಲಕ್ಕ ಬೋರಲು ಬಿದ್ದ ಬಾನಿಯನ್ನು ಲೆಕ್ಕಕ್ಕೇ ಇಡದೆ ನೇರ ಕೊಟ್ಟಿಗೆಗೆ ನುಗ್ಗಿ, ಶೇಂಗಾ ನುಚ್ಚು ನೆನೆಸಿದ ಪಾತ್ರೆಯನ್ನು ರತ್ನಿಯ ಮೂತಿಗೆ ಹಿಡಿದಳು. ಅವಳು ಹೋದ ಮೇಲೆ ಶಾಂಭವಿ ತೊಗರಿ ಬೇಳೆಯ ಕಟ್ಟು ತಂದಳು. ಶಾಂಭವಿ ತಂದದ್ದು ಕಂಡ ಮೂಲೆಮನೆಯ ಊರಮ್ಮ ಹುರುಳಿ ಬೇಯಿಸಿ ತಂದಳು, “ನಾವೇನು ಉಪವಾಸ ಬಿದ್ದೀವೇನು?” ಅನ್ನುತ್ತ. ದಿನವೂ ಹೀಗೇ ನಡೆಯಿತು. ಸುನಿತಾಳಿಗೆ ಎಲ್ಲ ಗೊತ್ತಿತ್ತು. ಆದರೆ ಹಾಲು ಏರುತ್ತಿತ್ತು, ರತ್ನಿಯ ಮೈ ಮಿರುಗುತ್ತಿತ್ತು. ಬಾಯಿ ಬಿಡಲು ಅವಳಿಗೇನು ಹುಚ್ಚೇ?

ಮಾವನ ಫೋನು ಬಂದ ಮೇಲೆ ದಿನಕ್ಕೊಂದು ಹಿಂಡಿ ಬಿಟ್ಟು, ಆ ದಿನಗಳಲ್ಲಿ ತಿಪ್ಪೇಶ ಹಾಕುತ್ತಿದ್ದದ್ದು ಕುಸುಬಿ ಹಿಂಡಿ ಒಂದೇ. ಹಾಲು ಏರಿದ್ದು ಕಂಡು ಅವನ ಎದೆ ಎರಡು ಗೇಣು ಹಿಗ್ಗಿತು.

“ಬಸವರಾಜಣ್ಣ, ಬರಕೋ! ಹುಲ್ಲಿನ ರಸಮೇವಿಗೆ ಕುಸುಬಿ ಹಿಂಡಿ. ಶೇಂಗಾ ಅಲ್ಲ, ಹತ್ತಿ ಅಲ್ಲ. ಕುಸುಬಿ! ಮೆಟ್ರ್ಯಾಗ ಕಂಡು ಹಿಡದಾರ ಅಂತ ನಾಳೆ ಮಂದಿ ಹೇಳ್ಬೇಕು.”

ಮಂದಿ ನಾಳೆಯವರೆಗೂ ಕಾಯಲಿಲ್ಲ. ಅವತ್ತೇ ಹೊಸಪೇಟೆಗೆ ಓಡಿದರು. ಮೂರನೆಯ ದಿನ ಮುರುಗೇಶ್ ಫೋನು ಮಾಡಿದ. “ಏ ತಿಪ್ಪೇಶಣ್ಣ, ಏನು ಹೇಳೀದಿ ಮಾರಾಯ ಮಂದಿಗೆ? ಕುಸುಬಿ ಹಿಂಡಿ ಖಾಲಿ ಆಗೈತಿ. ಶೇಂಗಾ ಕೊಟ್ರ ಬೈತಾರ, ಸೋಯಾ ಕೊಟ್ರ ಹೊಡ್ಯಾಕ ಬರ್ತಾರ!” ತಿಪ್ಪೇಶನಿಗೆ ಆ ದಿನ ಚಪ್ಪಲಿ ನೆಲಕ್ಕೆ ತಾಕಲಿಲ್ಲ. ಅದೇ ಹುರುಪಿನಲ್ಲಿ ಮಾವನಿಗೂ ಫೋನು ಹಚ್ಚಿ, “ಗಾಡಿ ಯಾಕ ಸುಮ್ನ ತರ್ತೀರಿ ಮಾವಾರ, ಬಸ್ಸಿಗೆ ಬರ್ರಿ, ಖಾಲಿ ಕೈಲೆ ಹೋಗೂರು ನೀವು” ಅಂದ. ಮಾವ ಉತ್ತರಕ್ಕೆ ಬರೀ “ಹ್ಞೂಂ” ಅಂದ.

ಅಮಾವಾಸ್ಯೆಯ ಮರುದಿನ ಬೆಳಗಾಯಿತು. ರತ್ನಿಯನ್ನು ನೋಡಲು ಬಂಡ್ರಿಯ ಯಜಮಾನ ಬರುತ್ತಾನೆ, ಮನಸ್ಸಿಗೆ ಬರದಿದ್ದರೆ ಒಯ್ಯುತ್ತಾನೆ ಅನ್ನುವ ಸುದ್ದಿ ಓಣಿಗೆಲ್ಲ ತಿಳಿದಿತ್ತು. ಅವತ್ತು ಹೆಂಗಸರಿಗೆ ತಿಪ್ಪೇಶನ ಮೇಲಿನ ಸಿಟ್ಟು ಮರೆತೇ ಹೋಗಿತ್ತು. ರತ್ನಿ ಹೋಗಬಾರದು, ಅಷ್ಟೇ. ಸುನಿತಾ ಅಪ್ಪನಿಗೆ ಅಂತ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ತಿಪ್ಪೇಶ ಕನ್ನಡಿಯ ಮುಂದೆ ಮೀಸೆ ತಿದ್ದುತ್ತಿದ್ದ. ಹಿಂದಿನ ಬಾಗಿಲಿನಿಂದ ಒಬ್ಬರು ಹೋದ ಮೇಲೆ ಇನ್ನೊಬ್ಬರು ಬಂದರು. ಯಾರು ಏನು ತಂದರು ಅಂತ ಯಾರಿಗೂ ಗೊತ್ತಿಲ್ಲ. ರತ್ನಿಗೆ ಮಾತ್ರ ಎಲ್ಲ ಗೊತ್ತಿತ್ತು.

ಮೀಸೆ ಮುಗಿಸಿ ಕೊಟ್ಟಿಗೆಗೆ ಬಂದ ತಿಪ್ಪೇಶ ಅಲ್ಲೇ ಕೂಗಿಕೊಂಡ. ರತ್ನಿಯ ಎಡ ಪಕ್ಕೆ ಉಬ್ಬಿ ನಗಾರಿಯಾಗಿತ್ತು. ಅವಳು ಕಾಲು ಅಗಲಿಸಿ ನಿಂತು, ಕತ್ತು ಚಾಚಿ, ಮಿಕಿಮಿಕಿ ನೋಡುತ್ತಿದ್ದಳು.

“ಅಯ್ಯಯ್ಯೋ ಸುನಿತಾ! ಡಾಕ್ಟ್ರಿಗೆ ಹಚ್ಚು ಜಲ್ದಿ! ಕುಸುಬಿ ಕೈ ಕೊಟ್ತು!”

ಸುನಿತಾ ಹಿಟ್ಟಿನ ಕೈಯಲ್ಲೇ ಓಡಿ ಬಂದು ರತ್ನಿಯ ಕೊರಳು ತಬ್ಬಿ ಅಳತೊಡಗಿದಳು. ಪಶುವೈದ್ಯ ಅಕ್ಷೋಭ್ಯ ಹೊಸಪೇಟೆಯ ಕಡೆಯ ಹುಡುಗ. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಬೈಕು ನಿಲ್ಲಿಸಿ ಪಕ್ಕೆ ತಟ್ಟಿ ನೋಡಿದ. “ಗಾಬರಿ ಆಗ್ಬ್ಯಾಡ್ರಿ ಅಕ್ಕಾರ, ಹೊಟ್ಟಿ ಉಬ್ಬರ. ಇಳೀತದ. ಬೆಳಿಗ್ಗೆ ಏನೇನು ತಿಂದದ ಹೇಳ್ರಿ.”

“ರಸಮೇವು, ಒಂದು ಸೇರು ಕುಸುಬಿ ಹಿಂಡಿ. ಅಷ್ಟ” ಅಂದ ತಿಪ್ಪೇಶ, ಪರೀಕ್ಷೆಗೆ ಕೂತ ಹುಡುಗನ ಹಾಗೆ.

“ಅಷ್ಟಕ್ಕ ಹಿಂಗ ಆಗಂಗಿಲ್ರಿ. ಬ್ಯಾರೆ ಏನೋ ತಿಂದದ.”

ಕೊಟ್ಟಿಗೆಯ ಬಾಗಿಲಲ್ಲಿ ಗುಂಪುಗೂಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಲ್ಲಕ್ಕ ಮೊದಲು ಬಾಯಿ ಬಿಟ್ಟಳು. “ನಾನು ಒಂದು ಬೋಗೋಣಿ ಶೇಂಗಾ ನುಚ್ಚು ಹಾಕೀನಪ್ಪ. ದಿನಾ ಹಾಕ್ತೀನಿ. ಇವತ್ತು ಸ್ವಲ್ಪ… ದೊಡ್ಡ ಬೋಗೋಣಿ.”

“ನಾನು ಬ್ಯಾಳಿ” ಅಂದಳು ಶಾಂಭವಿ. “ಕಟ್ಟಲ್ರಿ ಡಾಕ್ಟ್ರ, ಬ್ಯಾಳೀನ. ಗಟ್ಟಿ ಬ್ಯಾಳಿ. ತುಪ್ಪದ ಒಗ್ಗರಣಿ ಕೊಟ್ಟಿದ್ದೆ.”

“ಹುರುಳಿ!” ಅಂತ ಹಿಂದಿನಿಂದ ಊರಮ್ಮ ಕೈ ಎತ್ತಿದಳು. “ಮ್ಯಾಲೆ ಎರಡು ಹೋಳಿಗಿ. ಬಾಯಿ ಸಿಹಿ ಆಗ್ಲಿ ಅಂತ.”

ಕೇಳುತ್ತ ಕೇಳುತ್ತ ಡಾಕ್ಟರ ಹುಬ್ಬು ಮೇಲೇರಿತು. ತಿಪ್ಪೇಶನ ಮೀಸೆ ಕೆಳಗಿಳಿಯಿತು. “ಅಂದ್ರ… ಹಾಲು ಏರಿದ್ದು…?” ಅಂದ ತಿಪ್ಪೇಶ.

“ನಮ್ಮ ಮುಸುರಿಯಿಂದಲೇ ಬಾಡ್ಯಾ!” ಅಂದಳು ಯಲ್ಲಕ್ಕ.

ಡಾಕ್ಟರ್ ಶೇಂಗಾ ಎಣ್ಣೆಗೆ ಔಷಧಿ ಬೆರೆಸಿ ರತ್ನಿಗೆ ಕುಡಿಸಿದ. “ಈಗ ನಿಲ್ಲಿಸಬ್ಯಾಡ್ರಿ, ನಡಸ್ರಿ” ಅಂದ. ಸುನಿತಾ ಹಗ್ಗ ಹಿಡಿದಳು, ಯಲ್ಲಕ್ಕ ಪಕ್ಕೆ ನೀವಿದಳು, ಶಾಂಭವಿ ಬೆನ್ನು ಸವರಿದಳು. ಓಣಿಗೆ ಓಣಿಯೇ ಹಿಂದೆ ನಡೆಯಿತು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ತಿಪ್ಪೇಶ ಎಲ್ಲರಿಗಿಂತ ಹಿಂದೆ, ತಪ್ಪಿತಸ್ಥನ ನಡಿಗೆಯಲ್ಲಿ. ಸರಿಯಾಗಿ ಆಗಲೇ ಓಣಿಯ ಬಾಯಿಗೆ ಒಂದು ಟಾಟಾ ಏಸ್ ಬಂದು ನಿಂತಿತು. ಹಿಂದೆ ದಪ್ಪಗೆ ಭತ್ತದ ಹುಲ್ಲು ಹಾಸಿತ್ತು. ಮುಂದಿನಿಂದ ವಿರೂಪಾಕ್ಷಪ್ಪ ಇಳಿದ.

“ಏನಿದು? ಯಾರ ಮೆರವಣಿಗಿ?” ಅಂದ ಮುದುಕ. ಆಮೇಲೆ ಮಗಳ ಕೆಂಪು ಕಣ್ಣು ಕಂಡ, ರತ್ನಿಯ ಹೊಟ್ಟೆ ಕಂಡ. ಮುಖ ಗಂಟಿಕ್ಕಿತು. “ಗಾಡಿ ಹಿಂದ ತಿರುಗಿಸಪಾ” ಅಂದ ಡ್ರೈವರನಿಗೆ. “ಆಕಳು ಹತ್ತಸ್ರಿ.”

ಸುನಿತಾ ಹಗ್ಗವನ್ನು ಎದೆಗೆ ಒತ್ತಿಕೊಂಡು “ಅಪ್ಪಾ” ಅಂದಳು. ಮುಂದೆ ಮಾತು ಹೊರಡಲಿಲ್ಲ.

ಹೊರಟದ್ದು ರತ್ನಿಯ ತೇಗು. ಅಂಥ ತೇಗನ್ನು ಮೆಟ್ರಿ ಅದುವರೆಗೆ ಕೇಳಿರಲಿಲ್ಲ. ಅದರಲ್ಲಿ ಬೇಳೆ ಇತ್ತು, ಹುರುಳಿ ಇತ್ತು, ಎರಡು ಹೋಳಿಗೆ ಇತ್ತು. ಅದರ ಹಿಂದೆಯೇ ಇನ್ನೊಂದು. ಪಕ್ಕೆ ಇಳಿಯಿತು. ರತ್ನಿ ಬಾಲ ಬೀಸಿ, ಸುನಿತಾಳ ಕೈ ನೆಕ್ಕಿ, ಮೆಲುಕು ಹಾಕತೊಡಗಿದಳು. ಓಣಿ ಹೋ ಅಂತ ಚಪ್ಪಾಳೆ ಹೊಡೆಯಿತು. ಸುನಿತಾ ಅಳುತ್ತಲೇ ನಕ್ಕಳು.

“ಹಿರೇರ, ಗಾಡಿ ಒಯ್ರಿ, ರತ್ನೀನ ಬಿಡ್ರಿ” ಯಲ್ಲಕ್ಕ ವಿರೂಪಾಕ್ಷಪ್ಪನಿಗೆ ಅಡ್ಡ ನಿಂತಳು. “ಪಾಪ ಆಕಳದೇನು ತಪ್ಪಿಲ್ಲ. ನಾವ ಪ್ರೀತಿಗೆ ಒಂದಿಷ್ಟು ಜಾಸ್ತಿ ಉಣಿಸಿದ್ವಿ.” ನಡೆದದ್ದನ್ನೆಲ್ಲ ಹೆಂಗಸರು ಒಟ್ಟಿಗೇ ಹೇಳಿದರು. ಒಟ್ಟಿಗೇ ಹೇಳಿದರೂ ಮುದುಕನಿಗೆ ತಿಳಿಯಿತು. ಸುತ್ತ ನಿಂತವರ ಮುಖಗಳನ್ನು, ಮಿರುಗುವ ರತ್ನಿಯ ಮೈಯನ್ನು ಎರಡೆರಡು ಸಲ ನೋಡಿದ. ಅವನ ಗಂಟು ಸಡಿಲಾಯಿತು.

“ಡಾಕ್ಟ್ರ, ಮುಂದ ಏನು ಹಾಕ್ಬೇಕು ಇದಕ್ಕ?”

“ರಸಮೇವು ಚಲೋ ಅದರೀ, ಅದನ್ನ ಹಾಕ್ರಿ. ಜೋಡಿಗೆ ಶೇಂಗಾ ಹಿಂಡೀನೋ ಹತ್ತಿಕಾಳೋ ಸೋಯಾನೋ, ನಿಮಗ ತಾಜಾ ಸಿಗೋದು ಒಂದು. ಬೂಷ್ಟು ಹಿಡಿದಿರಬಾರದು. ಸ್ವಲ್ಪ ಸ್ವಲ್ಪ ರೂಢಿ ಮಾಡ್ರಿ. ರೂಢಿ ಆದ ಮ್ಯಾಲೆ ಅದನ್ನ ಹಿಡೀರಿ. ದಿನಕ್ಕೊಂದು ಬದಲಿ ಮಾಡಿದ್ರ ಹೊಟ್ಟಿ ಕೆಡ್ತದ. ಮುಸುರಿ ಇರ್ಲಿ, ತೆಳ್ಳಗಿರ್ಲಿ.”

“ತೆಳ್ಳಗ!” ಅಂದಳು ಶಾಂಭವಿ, ತನ್ನ ನೀರು ಸಾರಿನ ಮಾನ ವಾಪಸು ಬಂದವಳ ಹಾಗೆ.

ವಿರೂಪಾಕ್ಷಪ್ಪ ತಲೆಯಾಡಿಸಿದ. “ಇಷ್ಟು ಮಂದಿ ಇರೋ ಮನಿಯಿಂದ ಆಕಳು ಒಯ್ದ್ರ ನನಗ ಒಳ್ಳೇದಾಗಂಗಿಲ್ಲ. ರತ್ನಿ ಇಲ್ಲೇ ಇರ್ಲಿ. ಆದ್ರ ಬಾಡಿಗಿ ಗಾಡಿ ತಂದೀನಿ, ಖಾಲಿ ಹೊಳ್ಳಿಸೋದು ಹೆಂಗ?” ಅವನ ಕಣ್ಣು ನಿಧಾನಕ್ಕೆ ತಿರುಗಿ ಅಳಿಯನ ಮೇಲೆ ನಿಂತಿತು. “ಅಳಿಯಂದ್ರ, ನಮ್ಮ ಮನ್ಯಾಗ ನಾಕು ಆಕಳು ಅದಾವ. ಸಗಣಿ ಬಳಿಯಾಕ ಆಳು ಸಿಗವಲ್ದು, ಎಲ್ಲಾರೂ ಅದಿರು ಅಗಿಯಾಕ ಮೈನ್ಸಿಗೆ ಹೋಗ್ಯಾರ. ನೀವ ಬರ್ರಿ. ಆಕಳು ಅಂದ್ರ ಏನಂತ ತಿಳಕೊಂಡು ಹೊಳ್ಳಿ ಬರ್ರಿ.”

“ಮಾವಾರ, ನನಗ ಗದ್ದಿ ಕೆಲಸ…”

“ಗದ್ದಿ ನಾವು ನೋಡ್ಕೋತೀವಿ!” ಅಂತ ಓಣಿ ಒಂದೇ ದನಿಯಲ್ಲಿ ಕೂಗಿತು. ಬಸವರಾಜ್ ಡೈರಿ ಬಿಟ್ಟು ಓಡಿಬಂದವನು ತಾನೇ ಮುಂದಾಗಿ ರಟ್ಟೆ ಹಿಡಿದು ಹತ್ತಿಸಿದ. ಮುಂದಿನ ಸೀಟಿನಲ್ಲಿ ಮಾವನ ಜೊತೆ ಮಗಳು ಕಟ್ಟಿಕೊಟ್ಟ ಹೋಳಿಗೆಯ ಬುತ್ತಿ ಕೂತಿತು. ತಿಪ್ಪೇಶನಿಗೆ ಉಳಿದದ್ದು ಹಿಂದಿನ ಹುಲ್ಲು ಹಾಸಿಗೆ. ಅದರ ನಡುವೆ ಕೂತು, ಕೊನೆಯ ಆಸೆಯಿಂದ ಹೆಂಡತಿಯ ಕಡೆ ನೋಡಿದ.

“ಸುನಿತಾ, ನೀನಾದ್ರೂ ಒಂದು ಮಾತು ಹೇಳ.”

ಸುನಿತಾ ಗಾಡಿಯ ಹತ್ತಿರ ಬಂದಳು. ಗಂಡನ ಕೂದಲಿಗೆ ಅಂಟಿದ್ದ ಹುಲ್ಲಿನ ಎಸಳನ್ನು ಮುದ್ದಿನಿಂದ ತೆಗೆದಳು. ಆಮೇಲೆ ಮುಂದಿನ ಕಿಟಕಿಗೆ ಹೋಗಿ ಬಗ್ಗಿದಳು.

“ಅಪ್ಪಾ, ಅವ್ವಗ ಹೇಳು. ಇವರಿಗೆ ಜ್ವಾಳದ ರೊಟ್ಟಿ ಜೋಡಿ ಪುಂಡಿಪಲ್ಯ ಒಂದ ರೂಢಿ ಮಾಡಾಕ. ದಿನಕ್ಕೊಂದು ಬದಲಿ ಮಾಡಿದ್ರ ಹೊಟ್ಟಿ ಕೆಡ್ತದಂತ.”